ಯಾರ ಎದೆಮಟ್ಟ

ಕಾಡು ಅಂದರೆ ಇಂಗಾಲದ ಗೋದಾಮು ಎಂದು ನಮಗೆ ಪಾಠ ಹೇಳಿದವನು ಬಕ್ಕೇಶ್. ದಾವಣಗೆರೆಯ ಜವಳಿ ಅಂಗಡಿಯವರ ಮಗ. ಕೊರಳಲ್ಲಿ ಐಡಿ ಕಾರ್ಡು, ತಲೆಗೆ ಅಗಲದ ಟೋಪಿ, ಮೊಣಕಾಲವರೆಗೆ ಬೂಟು. ಹದಡಿಯಾಚೆಗಿನ ನಮ್ಮ ಕಮರಗುಡ್ಡ ಹತ್ತಲು ಅಷ್ಟೆಲ್ಲ ಕಟ್ಟಿಕೊಂಡು ಬಂದ ಮೊದಲ ಮನುಷ್ಯ ಅವನೇ. ನಾನು ಹವಾಯಿ ಚಪ್ಪಲಿಯಲ್ಲಿ ಹತ್ತುತ್ತೇನೆ. ನನ್ನ ಅತ್ತೆ ತಿಮ್ಮವ್ವ ಬರಿಗಾಲಲ್ಲಿ ಹತ್ತಿ, ತಲೆ ಮೇಲೆ ಹೊರೆ ಇಟ್ಟುಕೊಂಡು ಇಳಿಯುತ್ತಾಳೆ. ನಲವತ್ತು ವರ್ಷದಿಂದ ಅದೇ ಕೆಲಸ. ಒಣಗಿದ್ದು, ಮುರಿದು ಬಿದ್ದದ್ದು ಆಯ್ದು ಹೊರೆ ಕಟ್ಟುತ್ತೇವೆ. ರಸ್ತೆಯವರೆಗೆ ತಲೆ ಮೇಲೆ, ಅಲ್ಲಿಂದ ಲಗೇಜ್ ಆಟೋದಲ್ಲಿ ದಾವಣಗೆರೆಯ ದೋಸೆ ಹೋಟೆಲುಗಳಿಗೆ. ಬೆಣ್ಣೆದೋಸೆ ಸೌದೆ ಒಲೆಯಲ್ಲೇ ಆಗಬೇಕು, ಗ್ಯಾಸಿನದು ಅಂದರೆ ಪ್ಯಾಟೆಯವರು ಮೂಗು ಮುರಿಯುತ್ತಾರೆ. ಬಕ್ಕೇಶ್ ಕೂಡ ಅದನ್ನು ತಿಂದೇ ಗುಡ್ಡಕ್ಕೆ ಬರುತ್ತಿದ್ದ. ತಿಂದು ಬಾಯಿ ಒರೆಸಿಕೊಂಡು, ಸೌದೆ ಹೊರುವ ಹೆಂಗಸರಿಂದ ಭೂಮಿ ಬಿಸಿಯಾಗುತ್ತಿದೆ ಎನ್ನುತ್ತಿದ್ದ.

ಅವನ ಸಂಸ್ಥೆಯ ಹೆಸರು ಹಸಿರುಸಿರು. ಅವರ ವ್ಯಾಪಾರ ಹೀಗೆ. ಮರದ ಸುತ್ತಳತೆ ಹಿಡಿಯುವುದು. ಅದರಿಂದ ಮರದ ತೂಕ ಲೆಕ್ಕ ಹಾಕುವುದು. ತೂಕದಲ್ಲಿ ಅರ್ಧ ಇಂಗಾಲ ಅಂತ ಬರೆಯುವುದು. ಆ ಇಂಗಾಲವನ್ನು ಹೊಗೆ ಬಿಡುವ ಯಾವುದೋ ದೇಶದ ಕಂಪನಿಗೆ ಮಾರುವುದು. ಮರ ಇಲ್ಲೇ ಇರುತ್ತದೆ. ಹೊಗೆ ಅಲ್ಲೇ ಇರುತ್ತದೆ. ವ್ಯಾಪಾರ ಮಾತ್ರ ಆಗಿಬಿಡುತ್ತದೆ. ಇದಕ್ಕೆ ಊರಿನ ಪರವಾಗಿ ಒಪ್ಪಿಗೆ ಕೊಟ್ಟವರು ಗುಡ್ಡ ಸಂರಕ್ಷಣಾ ಸಮಿತಿಯ ಅಧ್ಯಕ್ಷ ಶಿವಮೂರ್ತಪ್ಪನವರು. ಗುಡ್ಡದ ಹಿಂಬದಿಯಲ್ಲಿ ಇರುವ ಕಲ್ಲುಕ್ವಾರಿ ಅವರದ್ದೇ. ಕಾಲುಭಾಗ ಗುಡ್ಡ ಅವರ ಕ್ರಷರಿನಲ್ಲಿ ಜಲ್ಲಿಯಾಗಿ ಹೋಗಿದೆ. ಉಳಿದ ಮುಕ್ಕಾಲು ಭಾಗದ ಸಂರಕ್ಷಣೆ ಈಗ ಅವರ ಕೈಲಿದೆ.

ಸಂಸ್ಥೆಯವರು ಎರಡು ಮಾತು ರುಜುವಾತು ಮಾಡಬೇಕಿತ್ತು. ಒಂದು, ಅವರು ಬಂದ ಮೂರು ವರ್ಷದಲ್ಲಿ ಮರಗಳು ದಪ್ಪವಾಗಿವೆ. ಎರಡು, ಅವರು ಬರದಿದ್ದರೆ ನಾವು ಹೆಂಗಸರು ಗುಡ್ಡವನ್ನು ಬೋಳಿಸುತ್ತಿದ್ದೆವು. ಎರಡೂ ಸಾಬೀತಾದರೆ ಗುಡ್ಡದ ಸುತ್ತ ಮೂವತ್ತು ವರ್ಷ ತಂತಿಬೇಲಿ. ನಾವು ಆಚೆ. ಮನೆಗೊಂದು ಗ್ಯಾಸ್ ಒಲೆ, ಒಂದು ಸೀರೆ. ಇದೆಲ್ಲ ಅವರೇ ಕೊಟ್ಟ ಕಾಗದದಲ್ಲಿತ್ತು. ನಾನು ಪಿಯುಸಿ ಓದಿದವಳು, ಅತ್ತೆಗೆ ಓದಿ ಹೇಳಿದೆ.

"ಮೂವತ್ತು ವರ್ಷ ಅಂದ್ರೆ ನಾನು ಇರಂಗಿಲ್ಲ," ಅಂದಳು ಅತ್ತೆ. "ನಿನ್ನ ಕಥೆ ಏನು?"

ನಾನು ಕಾಗದ ಮತ್ತೆ ತಿರುವಿ ನೋಡಿದೆ. ಗ್ಯಾಸ್ ಒಲೆ ಕೊಡುತ್ತಾರೆ. ಅದರ ಮೇಲಿಡುವ ಅಕ್ಕಿ ಯಾರು ಕೊಡುತ್ತಾರೆ? ಅದು ಕಾಗದದಲ್ಲಿ ಇರಲಿಲ್ಲ.

ಅಳತೆಯ ಕಥೆ ಕೇಳಿ. ಮರವನ್ನು ಬುಡದಲ್ಲಿ ಅಳೆಯುವುದಿಲ್ಲ, ಬುಡ ಯಾವಾಗಲೂ ಉಬ್ಬಿರುತ್ತದೆ. ಎದೆಮಟ್ಟದಲ್ಲಿ ಅಳೆಯಬೇಕು. ಎದೆಮಟ್ಟ ಅಂದರೆ ನೆಲದಿಂದ ನಾಲ್ಕೂವರೆ ಅಡಿ. ಅದಕ್ಕೊಂದು ಗುರುತು ಮಾಡಿದ ಕೋಲು ಇರುತ್ತದೆ. ಮೂರು ವರ್ಷದ ಹಿಂದೆ ಮೊದಲ ಸಲ ಅಳೆಯಲು ಬಂದಾಗ ಬಕ್ಕೇಶ್ ಆ ಕೋಲನ್ನು ದೋಸೆ ಹೋಟೆಲಿನ ಮೂಲೆಗೆ ಆನಿಸಿ, ಅಲ್ಲೇ ಮರೆತು ಬಂದಿದ್ದ. ವಾಪಸ್ ಹೋಗಿ ತರುವ ಗೋಜಿಗೆ ಹೋಗಲಿಲ್ಲ.

"ಎದೆಮಟ್ಟ ತಾನೇ? ಎದೆ ಐತಲ್ಲ," ಅಂದ. ಕೂಲಿಗೆ ಬಂದಿದ್ದ ನನ್ನ ಗಂಡ ಚೌಡೇಶನನ್ನು ಮರಕ್ಕೆ ಆನಿಸಿ ನಿಲ್ಲಿಸಿದ. ಚೌಡೇಶ್ ಆರಡಿ ಆಳು. ಅವನ ಎದೆ ಎಲ್ಲಿ ಮುಟ್ಟಿತೋ ಅಲ್ಲಿಗೆ ಸುಣ್ಣದ ಗೆರೆ. ಆ ಗೆರೆಯ ಮೇಲೆ ಟೇಪು. ಅಂಕಿ ಬರೆದುಕೊಳ್ಳಲು ನಾನು. ನೂರಾ ಎಂಬತ್ತು ಮರ ಹಾಗೆ ಮುಗಿಸಿದೆವು. ನಮಗೂ ನಗು ಬಂದಿತ್ತು. ಇಷ್ಟು ಓದಿದವನು ಹೀಗೆ ಮಾಡುತ್ತಾನೆ ಅಂದರೆ ಹೀಗೇ ಮಾಡುವುದಿರಬೇಕು ಅಂದುಕೊಂಡೆವು.

ಈ ವರ್ಷ ಮತ್ತೆ ಬಂದ. ಸುಣ್ಣದ ಗೆರೆಗಳನ್ನು ಮಳೆ ಎಂದೋ ತೊಳೆದಿತ್ತು. ಚೌಡೇಶ್ ದಾವಣಗೆರೆಯ ಮಾರುಕಟ್ಟೆಯಲ್ಲಿ ಮೂಟೆ ಹೊರಲು ಸೇರಿದ್ದ. ಕೋಲು ಈ ಸಲವೂ ಇರಲಿಲ್ಲ. ಬಕ್ಕೇಶ್ ಜತೆಗೆ ಕಾಲೇಜು ಮುಗಿಸಿದ ಇಬ್ಬರು ಸಹಾಯಕರಿದ್ದರು. ಅವರಿಬ್ಬರಿಗೂ ಎದೆ ಇತ್ತು. ಆದರೆ ಮರದ ತೊಗಟೆಗೆ ಟೀ ಶರ್ಟು ಕೊಳೆಯಾಗುತ್ತದೆ.

"ತಿಮ್ಮವ್ವಾ, ನೀ ಬಾ ಇಲ್ಲಿ," ಅಂದ.

ನನ್ನ ಅತ್ತೆ ಗಿಡ್ಡ. ನಲವತ್ತು ವರ್ಷದ ಹೊರೆ ಅವಳನ್ನು ಇನ್ನಷ್ಟು ಗಿಡ್ಡ ಮಾಡಿದೆ. ಅವಳು ಹೋಗಿ ಮೊದಲ ಕಮರದ ಮರಕ್ಕೆ ಆನಿಕೊಂಡು ನಿಂತಳು.

"ಸೀದಾ ನಿಲ್ಲು. ಸೆರಗು ಸರಿಸು, ಎದೆ ಎಲ್ಲೈತೆ ಕಾಣಂಗಿಲ್ಲ."

ಸಹಾಯಕರು ಕಿಸಕ್ಕನೆ ನಕ್ಕರು. ಅರುವತ್ತರ ಹತ್ತಿರದ ಹೆಂಗಸು. ಸೆರಗು ಸರಿಸಿ ಮರ ತಬ್ಬಿ ನಿಂತಳು. ಅವನು ಒಂದು ಕೋಲಿನ ತುದಿಗೆ ಕಟ್ಟಿದ ಸುಣ್ಣದ ಬಟ್ಟೆಯಿಂದ ಗೆರೆ ಎಳೆದ. ಕೈ ತಾಗಬಾರದಲ್ಲ. ಸುಣ್ಣ ಕಟ್ಟಲು ಅವನಿಗೆ ಕೋಲು ಸಿಕ್ಕಿತು, ಅಳೆಯಲು ಸಿಗಲಿಲ್ಲ. ಅವಳು ಟೇಪನ್ನು ಮರದ ಸುತ್ತ ತಂದು ಅವನ ಕೈಗೆ ಕೊಡಲು ಹೋದರೆ, "ಕೆಳಗಿಡು, ಕೆಳಗಿಡು," ಅಂದ. ಅವಳು ನೆಲದ ಮೇಲಿಟ್ಟಳು. ಅವನು ಜೇಬಿನಿಂದ ಸ್ಯಾನಿಟೈಸರ್ ತೆಗೆದು ಟೇಪಿನ ತುದಿಗೆ ಚಿಮುಕಿಸಿ ಆಮೇಲೆ ಎತ್ತಿಕೊಂಡ. ನೂರಾ ಎಂಬತ್ತು ಮರಕ್ಕೂ ಹಾಗೇ. ಸೆರಗು ಸರಿಸು ಅಂದದ್ದು ನನಗೆ ಕೇಳಿಸಿತ್ತು. ನಾನು ತಲೆ ತಗ್ಗಿಸಿ ಅಂಕಿ ಬರೆದೆ. ಥೂ ನನ್ನ ಜನ್ಮಕ್ಕೆ.

ಮಧ್ಯೆ ಅತ್ತೆಯೇ ಒಂದು ಮಾತು ಕೇಳಿದಳು. ಬಕ್ಕೇಶ್ ಲ್ಯಾಪ್‌ಟಾಪಿನಲ್ಲಿ ಎಲ್ಲ ಮರಕ್ಕೂ ಒಂದೇ ತೂಕದ ಲೆಕ್ಕ ಹಾಕುತ್ತಿದ್ದಾನೆ ಅಂತ ನಾನು ಹೇಳಿದ್ದೆ.

"ಸಾಹೇಬ್ರೆ, ಕಮರಕ್ಕೂ ನೀಲಗಿರಿಗೂ ಒಂದೇ ತೂಕನೇನ್ರಿ? ನೀಲಗಿರಿ ಹೊರೆ ಹೊತ್ತು ನಾನು ಹಾಡು ಹೇಳ್ಕೊಂತ ಇಳೀತೀನಿ. ಅಷ್ಟೇ ಗಾತ್ರದ ಕಮರ ಹೊತ್ರೆ ಕುತ್ತಿಗಿ ಒಳಗ ಹೋಗ್ತೈತೆ. ಕಮರದ ತುಂಡು ನೀರಿಗೆ ಹಾಕಿದ್ರೆ ಮುಳುಗ್ತೈತೆ."

"ಅದೆಲ್ಲ ಸಾಫ್ಟ್‌ವೇರ್ ನೋಡ್ಕಳ್ತೈತೆ."

"ಅದು ಹೊತ್ತು ನೋಡೈತೇನು?"

ಅವನು ಬುಡದಲ್ಲಿ ಕೊಳೆತು ಮಣ್ಣಾಗುತ್ತಿದ್ದ ಎಲೆಯ ರಾಶಿಯನ್ನು ಬೂಟಿನಿಂದ ಒದ್ದು ಪಕ್ಕಕ್ಕೆ ಸರಿಸಿದ. ಕಾಡಿನ ಇಂಗಾಲದಲ್ಲಿ ದೊಡ್ಡ ಪಾಲು ಮಣ್ಣಿನಲ್ಲೇ ಇರುತ್ತದೆ ಅಂತ ಅವನೇ ಹಂಚಿದ ಪುಸ್ತಿಕೆಯಲ್ಲಿ ಅಚ್ಚಾಗಿತ್ತು. ನಾನು ಓದಿದ್ದೆ. ಹಂಚಿದವನು ಓದಿರಲಿಲ್ಲ.

ಕೊನೆಯ ದಿನ ಒಂದು ಕೊಡಲಿ ತಂದ. ನಮ್ಮ ಕೇರಿಯ ಹೆಂಗಸರಲ್ಲಿ ಯಾರ ಹತ್ತಿರವೂ ಕೊಡಲಿ ಇಲ್ಲ. ಕುಡುಗೋಲು, ಹಗ್ಗ, ಸಿಂಬಿ, ಇಷ್ಟೇ ನಮ್ಮ ಸಾಮಾನು. ಅತ್ತೆಯ ಕೈಗೆ ಕೊಡಲಿ ಕೊಟ್ಟು, ಹಸಿ ಕಮರಕ್ಕೆ ತಾಗಿಸಿ ಹಿಡಿ, ಫೋಟೋ ತೆಗೆಯುತ್ತೇನೆ ಅಂದ. ನನ್ನ ಅತ್ತೆಗೆ ಫೋಟೋ ಅಂದರೆ ಆಸೆ. ಮದುವೆಯಲ್ಲೂ ಅವಳದು ತೆಗೆದಿರಲಿಲ್ಲ. ಕೂದಲು ಸರಿ ಮಾಡಿಕೊಂಡು, ಸೆರಗು ಹೊದ್ದು, ನಕ್ಕಳು. "ನಗಬ್ಯಾಡ," ಅಂದ. ನಗು ನಿಲ್ಲಿಸಿದಳು.

ಆ ರಾತ್ರಿ ಅವಳ ಎದೆಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ತೊಗಟೆ ತರಚಿ ಕೆಂಪಾಗಿತ್ತು.

"ಕೊರೊನಾ ಹೋಗಿ ಎಷ್ಟು ವರ್ಷ ಆತು ಯಶೋದಾ? ನನ್ನ ಕೈಯಾಗ ಮಾತ್ರ ಇನ್ನಾ ಐತಾ?" ಅಂದಳು.

ಹದಿನೈದು ದಿನಕ್ಕೆ ಶಿವಮೂರ್ತಪ್ಪನವರಿಂದ ಹೇಳಿಕೆ ಬಂತು. ಹರಿಹರದಲ್ಲಿ ದೊಡ್ಡ ಸಭೆ. ಲೆಕ್ಕ ತಪಾಸಣೆ ಮಾಡಲು ಬೆಂಗಳೂರಿನಿಂದ ಸ್ವಾತಿ ಅನ್ನುವ ಮೇಡಂ ಬರುತ್ತಾರೆ. ಅವರು ಸೈ ಅಂದರೆ ಮಾರಾಟ, ಅಲ್ಲ ಅಂದರೆ ಇಲ್ಲ. ನಮ್ಮ ಕೇರಿಯವರೆಲ್ಲ ಬರಬೇಕು. ತಿಮ್ಮವ್ವ ವೇದಿಕೆ ಮೇಲೆ ನಿಂತು ಮೂರು ಮಾತು ಹೇಳಬೇಕು. ಮಾತನ್ನು ಬರೆದೇ ಕಳಿಸಿದ್ದರು. "ನಾವು ಹಸಿಮರ ಕಡಿಯುತ್ತಿದ್ದೆವು. ಈಗ ನಮ್ಮ ತಪ್ಪು ತಿಳಿದಿದೆ. ಇನ್ನು ಗುಡ್ಡಕ್ಕೆ ಕಾಲಿಡುವುದಿಲ್ಲ."

"ಬರೀ ಬಾಯಿಮಾತಮ್ಮಾ," ಎಂದು ಶಿವಮೂರ್ತಪ್ಪನವರು ಮನೆ ಮುಂದೆ ಬೈಕು ನಿಲ್ಲಿಸಿ ಹೇಳಿ ಹೋದರು. ಇಳಿಯಲಿಲ್ಲ. "ಮ್ಯಾಡಂ ಅತ್ತ ಹೋದ ಮ್ಯಾಲೆ ನಿಮ್ಮನ್ನ ಯಾರು ತಡೀತಾರ?"

ನಾನೇ ಅತ್ತೆಗೆ ಆ ಮೂರು ಮಾತು ಬಾಯಿಪಾಠ ಮಾಡಿಸಿದೆ. ಕಲಿತಳು. ಹೇಳ್ತೀಯೇನತ್ತೆ ಅಂತ ಕೇಳಿದೆ. ಅವಳು ಸಿಂಬಿಯ ಬಟ್ಟೆ ಒಗೆಯುತ್ತಾ ಕುಳಿತಿದ್ದಳು. ಎದ್ದು ಅದನ್ನು ಹಿಂಡಿ ಒಣಹಾಕಿದಳು.

ಹರಿಹರದ ಸಭಾಂಗಣ ಎಸಿಯದು. ಕುರ್ಚಿಗಳಿಗೆ ಬಿಳಿ ಬಟ್ಟೆ. ನಮಗೆ ಹಿಂದಿನ ಎರಡು ಸಾಲು, ಆ ಕುರ್ಚಿಗಳಿಗೆ ಬಟ್ಟೆ ಇರಲಿಲ್ಲ. ಚೌಡೇಶ್ ಮಾರುಕಟ್ಟೆಗೆ ರಜೆ ಹಾಕಿ ಬಂದಿದ್ದ. ಬಕ್ಕೇಶ್ ಇಸ್ತ್ರಿ ಅಂಗಿ ಹಾಕಿ ಪರದೆಯ ಮುಂದೆ ನಿಂತ. ಕಾಡು ಎಷ್ಟು ಇಂಗಾಲ ಹಿಡಿದಿಡುತ್ತದೆ ಎಂಬುದನ್ನು ನಿರ್ಧರಿಸುವ ಅಂಶಗಳು ಅಂತ ತೋರಿಸಿದ. ಮಳೆ. ಮಣ್ಣು. ಮರದ ಜಾತಿ. ಮರದ ವಯಸ್ಸು. ಬೆಂಕಿ. ಇವೆಲ್ಲ ಕಪ್ಪು ಅಕ್ಷರದಲ್ಲಿ. ಕೊನೆಗೆ ಕೆಂಪು ಅಕ್ಷರದಲ್ಲಿ: ಮಾನವ ಹಸ್ತಕ್ಷೇಪ. ಅದರ ಕೆಳಗೆ ನನ್ನ ಅತ್ತೆ. ಕೊಡಲಿ ಹಿಡಿದು, ನಗದೆ.

ಮಾನವರಲ್ಲಿ ಶಿವಮೂರ್ತಪ್ಪ ಬರುವುದಿಲ್ಲ. ಕ್ವಾರಿಯ ಚಿತ್ರ ಒಂದೂ ಇರಲಿಲ್ಲ. ಡೈನಮೈಟು ಇಟ್ಟು ಮರ, ಬೇರು, ಮಣ್ಣು, ಬಂಡೆ ಎಲ್ಲ ಎಬ್ಬಿಸಿದ್ದು ಹಸ್ತಕ್ಷೇಪ ಅಲ್ಲ. ಒಣಕಡ್ಡಿ ಆಯ್ದದ್ದು ಹಸ್ತಕ್ಷೇಪ. ಶಿವಮೂರ್ತಪ್ಪನವರು ಮೊದಲ ಸಾಲಿನಲ್ಲಿ ಬಿಳಿ ಬಟ್ಟೆಯ ಕುರ್ಚಿಯಲ್ಲಿ ತಲೆದೂಗುತ್ತಾ ಕುಳಿತಿದ್ದರು.

"ಮೂರು ವರ್ಷದಲ್ಲಿ ನಮ್ಮ ಪ್ರಯತ್ನದಿಂದ ಮರಗಳ ಗಾತ್ರದಲ್ಲಿ ಶೇಕಡ ಹತ್ತರಷ್ಟು ಹೆಚ್ಚಳ," ಅಂದ ಬಕ್ಕೇಶ್. ಚಪ್ಪಾಳೆ ಬಿತ್ತು. ಆಮೇಲೆ ಅತ್ತೆಯನ್ನು ಕರೆದರು.

ಅವಳು ಹೋಗಿ ಮೈಕಿನ ಮುಂದೆ ನಿಂತಳು. ಮೈಕು ಅವಳ ಹಣೆಯ ಮಟ್ಟಕ್ಕಿತ್ತು. ಯಾರೂ ಇಳಿಸಿಕೊಡಲಿಲ್ಲ. ಅವಳೇ ಬಗ್ಗಿಸಿಕೊಂಡಳು.

"ಈ ಕೊಡಲಿ ನಮ್ದಲ್ಲ," ಅಂದಳು.

ಶಿವಮೂರ್ತಪ್ಪನವರು ತಲೆದೂಗುವುದನ್ನು ನಿಲ್ಲಿಸಿದರು.

"ಅದರ ಕಾವಿನ ಮ್ಯಾಲೆ ಚೀಟಿ ಐತೆ ನೋಡ್ರಿ. ಅಂಗಡಿ ಚೀಟಿ. ಇನ್ನಾ ಕಿತ್ತಿಲ್ಲ. ಈ ಬಕ್ಕೇಶಪ್ಪ ತಂದು ನನ್ನ ಕೈಗೆ ಕೊಟ್ಟ."

ಎಲ್ಲರೂ ಪರದೆ ನೋಡಿದರು. ಗೋಡೆಯಷ್ಟು ದೊಡ್ಡ ಚಿತ್ರದಲ್ಲಿ ಚೀಟಿಯೂ ದೊಡ್ಡದಾಗಿಯೇ ಕಾಣುತ್ತಿತ್ತು, ದಾವಣಗೆರೆಯ ಅಂಗಡಿಯ ಹೆಸರು ಸಮೇತ. ಬಕ್ಕೇಶ್ ಓಡಿ ಹೋಗಿ ಗುಂಡಿ ಒತ್ತಿ ಚಿತ್ರ ಬದಲಾಯಿಸಿದ. ಅಂಕಿಗಳ ಪಟ್ಟಿ ಬಂತು.

"ಅಮ್ಮಾ, ಕಲ್ತಿದ್ದು ಹೇಳು, ಸಾಕು," ಅಂದ.

"ಹೇಳ್ತೀನಿ ತಡಿ. ನಾವು ಹಸಿಮರ ಕಡಿದಿಲ್ಲ. ಹಸಿ ಕಮರಕ್ಕೆ ಆ ಕೊಡಲಿ ಹಾಕಿದ್ರೆ ಕೊಡಲಿ ಬಾಯೇ ಮುರೀತೈತೆ. ಬ್ಯಾಸಿಗ್ಯಾಗ ಗುಡ್ಡಕ್ಕೆ ಬೆಂಕಿ ಬಿದ್ರೆ ಸೊಪ್ಪು ಹಿಡಕೊಂಡು ಬಡಿಯೋರು ಯಾರು? ನಾವು. ಒಣಕಟ್ಟಿಗಿ ನಾವು ತರದಿದ್ರೆ ಆ ಬೆಂಕಿ ಎಷ್ಟು ಎತ್ತರ ಏಳ್ತಿತ್ತು? ಗುಡ್ಡ ಇವತ್ತು ನಿಂತೈತೆ ಅಂದ್ರೆ ನಮ್ಮಿಂದ. ನೀವು ಬಂದು ಬರೀ ಮೂರು ವರ್ಷ ಆತು, ದಪ್ಪ ಮಾಡಿದೆವು ಅಂತೀರಿ. ಕಮರ ಅಷ್ಟು ಲಗೂನ ದಪ್ಪ ಆಗ್ತೈತೇನ್ರಿ? ನಾನು ಸೊಸಿಯಾಗಿ ಬಂದಾಗ ಇದ್ದ ಮರ ಈಗಲೂ ನನ್ನ ತೋಳಿಗೆ ಸಿಗ್ತೈತೆ."

ಆಮೇಲೆ ನನ್ನ ಕಡೆ ನೋಡಿದಳು. ಬೈಯಲಿಲ್ಲ, ಕರೆಯಲಿಲ್ಲ. ಬರೀ ನೋಡಿದಳು. ಪರದೆಯ ಮೇಲಿದ್ದ ಅಂಕಿಗಳೆಲ್ಲ ನನ್ನ ಕೈಬರಹದಿಂದ ಹೋದವೇ. ಅವು ಹೇಗೆ ದಪ್ಪವಾದವು ಅನ್ನುವುದು ಆ ಸಭೆಯಲ್ಲಿ ನನಗೊಬ್ಬಳಿಗೇ ಗೊತ್ತಾಗಬೇಕಿತ್ತು. ಆಗ ಗೊತ್ತಾಯಿತು.

ಎದ್ದು ನಿಂತೆ. "ಮೇಡಂ, ಮರ ಬೆಳೆದಿಲ್ಲ. ಎದೆ ಇಳಿದೈತೆ," ಅಂದೆ.

ಸ್ವಾತಿ ಮೇಡಂ ಅರ್ಥವಾಗದೆ ಕನ್ನಡಕ ತೆಗೆದರು. ನಾನು ಚೌಡೇಶನ ಕೈ ಹಿಡಿದು ವೇದಿಕೆಗೆ ಎಳೆದೊಯ್ದೆ. ತಾಯಿಯ ಪಕ್ಕದಲ್ಲಿ ಮಗನನ್ನು ನಿಲ್ಲಿಸಿದೆ. ಮೊದಲ ಸಲ ಎದೆಮಟ್ಟ ಇವನದು, ಎರಡನೇ ಸಲ ಇವಳದು, ಕೋಲು ಎರಡು ಸಲವೂ ಇರಲಿಲ್ಲ ಅಂದೆ. ಮರ ಕೆಳಗೆ ಹೋದಷ್ಟೂ ದಪ್ಪ, ಅಷ್ಟೇ ನಿಮ್ಮ ಶೇಕಡ ಹತ್ತು ಅಂದೆ. ಮೇಡಂ ಹತ್ತಿರ ಟೇಪು ಕೇಳಿ ಇಸಕೊಂಡೆ. ಅವರು ಕೈಗೇ ಕೊಟ್ಟರು, ಅಷ್ಟರ ಮಟ್ಟಿಗೆ ಅವರನ್ನು ಮೆಚ್ಚಬೇಕು. ನೆಲದಿಂದ ಗಂಡನ ಎದೆಗೆ ಹಿಡಿದೆ.

"ಉಬ್ಬಿಸಬ್ಯಾಡ," ಅಂದೆ.

"ಉಬ್ಬಿಸಿಲ್ಲ ಮಾರಾಯ್ತಿ, ಹೆದರಿಕೆಗೆ ಉಸಿರು ಬಿಗಿ ಹಿಡಿದೀನಿ," ಅಂದ.

ನಾಲ್ಕು ಅಡಿ ಏಳಿಂಚು. ಅತ್ತೆಗೆ ಹಿಡಿದೆ. ಸೆರಗು ಸೊಂಟಕ್ಕೆ ಬಿಗಿದು ಸೀದಾ ನಿಂತಿದ್ದಳು. ಮೂರು ಅಡಿ ಆರಿಂಚು. ನಡುವೆ ಒಂದಡಿ ಒಂದಿಂಚು. ಹಿಂದಿನ ಸಾಲಿನಲ್ಲಿ ನಮ್ಮ ಹೆಂಗಸರು ಮೊದಲು ನಕ್ಕರು. ಆಮೇಲೆ ಮುಂದಿನವರೂ ನಕ್ಕರು. ಮೂರು ವರ್ಷ, ಎಸಿ ಸಭಾಂಗಣ, ಬೂಟು, ಟೋಪಿ, ಸಾಫ್ಟ್‌ವೇರು. ಕೊನೆಗೆ ಹೊರದೇಶದವರಿಗೆ ಮಾರಲು ಹೊರಟಿದ್ದು ನನ್ನ ಅತ್ತೆಯ ಗಿಡ್ಡತನವನ್ನು. ಬಕ್ಕೇಶ್ ಮಾತ್ರ ನಗಲಿಲ್ಲ. ಜೇಬಿನಲ್ಲಿ ಸ್ಯಾನಿಟೈಸರ್ ಹುಡುಕುತ್ತಿದ್ದ ಅನಿಸುತ್ತದೆ.

ಸ್ವಾತಿ ಮೇಡಂ ಫಾರಂ ತೆಗೆದು ಬರೆಯಲು ಶುರು ಮಾಡಿದರು. "ಮಾನವ ದೋಷ. ಮರು ಅಳತೆ ಆಗೋವರೆಗೂ ತಡೆ," ಎಂದು ಓದಿದರು.

"ದೋಷ ಮಾಡಿದ ಮಾನವನ ಹೆಸರು ಬರೀರಿ," ಅಂದೆ. "ಸೆರಗು ಸರಿಸು ಅಂದ, ಅದನ್ನೂ ಬರೀರಿ. ಟೇಪು ಕೆಳಗಿಡಿಸಿ ಎತ್ತಿಕೊಂಡ, ಅದೂ. ನಾನು ಕೇಳಿಸಿಕೊಂಡು ಸುಮ್ಮನಿದ್ದೆ, ಬೇಕಾದ್ರೆ ಅದನ್ನೂ ಬರೀರಿ."

ಅವರ ಪೆನ್ನು ನಿಂತಿತು. "ಈ ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲಮ್ಮಾ," ಅಂದರು. ಪಾಪ, ಮೆಲ್ಲಗೇ ಅಂದರು.

"ಕಾಲಂ ಹಾಕ್ರಿ ಮತ್ತೆ. ಗೆರೆ ಎಳೆಯೋಕೆ ನಿಮಗೆ ಬರಂಗಿಲ್ಲೇನು?"

ಅವರು ಅಂಚಿನಲ್ಲಿ ಏನೋ ಬರೆದುಕೊಂಡರು. ಏನೆಂದು ನಾನು ನೋಡಲಿಲ್ಲ. ಯಾರೋ ಮೈಕು ಆರಿಸಿದರು. ಸಭೆ ಮುಗಿಯಿತು ಅಂತ ಬಾಯಲ್ಲೇ ಕೂಗಿದರು.

ಬಾಗಿಲ ಹತ್ತಿರ ಶಿವಮೂರ್ತಪ್ಪನವರು ನಿಂತಿದ್ದರು. ಊಟದ ಕೋಣೆಯ ಬಾಗಿಲಿಗೆ ಕೈ ಅಡ್ಡ ಇಟ್ಟು, "ಊಟ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದೋರಿಗೆ," ಅಂದರು. ಆಮೇಲೆ ಅತ್ತೆಗೆ, "ಮೆರೆದೆ ಬಿಡು ಇವತ್ತು. ಇನ್ನ ಗುಡ್ಡದ ಕಡೆ ಕಾಲಿಡು, ನೋಡ್ತೀನಿ."

"ನೋಡಬೇಕಂದ್ರೆ ಬರ್ರಿ," ಅಂದಳು ಅತ್ತೆ. "ಕ್ವಾರಿ ಕಡೆಯಿಂದಲೇ ಬರ್ರಿ, ಅಲ್ಲಿ ಮರ ಇಲ್ಲ, ಚೆನ್ನಾಗಿ ಕಾಣ್ತೈತೆ."

ಬೆಳಗ್ಗೆ ನಮ್ಮನ್ನು ಕರೆತರಲು ಸಮಿತಿಯವರು ಕಳಿಸಿದ್ದ ಬಸ್ಸು ವಾಪಸ್ ಹತ್ತಿಸಿಕೊಳ್ಳಲಿಲ್ಲ. ನಡೆದು ಹೋಗಿ ಸರ್ಕಾರಿ ಬಸ್ಸು ಹಿಡಿದು ದಾವಣಗೆರೆಗೆ ಬಂದೆವು, ಅಲ್ಲಿಂದ ಹದಡಿಯ ಬಸ್ಸು. ಹೊಟ್ಟೆ ಚುರುಗುಡುತ್ತಿತ್ತು. ಜತೆಗಿದ್ದವಳೊಬ್ಬಳು ದಾರಿಯುದ್ದಕ್ಕೂ ಗೊಣಗಿದಳು. "ನಿಮ್ಮ ಅತ್ತೆ ಸೊಸಿ ನಾಟಕದಾಗ ನನ್ನ ಗ್ಯಾಸ್ ಒಲಿ ಹೋತು," ಅಂದಳು. ಅವಳದು ತಪ್ಪು ಅಂತ ನಾನು ಹೇಳಲಾರೆ. ಹೊಗೆಗೆ ಅವಳ ಕಣ್ಣು ಅರ್ಧ ಹೋಗಿದೆ. ಅತ್ತೆ ಅವಳ ಪಕ್ಕ ಹೋಗಿ ಕುಳಿತು, ಕೈ ಮೇಲೆ ಕೈ ಇಟ್ಟಳು. ಅವಳು ಮತ್ತೂ ಗೊಣಗಿದಳು, ಆದರೆ ಕೈ ಎಳೆದುಕೊಳ್ಳಲಿಲ್ಲ.

ಬಸ್ಸಿಳಿದಾಗ ಮೂರು ಗಂಟೆ. ಮನೆಯಲ್ಲಿ ಒಲೆಗೆ ಹಾಕಲು ಪುಳ್ಳೆ ಇರಲಿಲ್ಲ, ಮಾರನೆಯ ದಿನ ಹೋಟೆಲಿಗೆ ಹಾಕಲು ಹೊರೆ ಇರಲಿಲ್ಲ. ಕುಡುಗೋಲು, ಹಗ್ಗ ತೆಗೆದುಕೊಂಡು ಗುಡ್ಡಕ್ಕೆ ಹೊರಟೆವು. ಏಳು ಜನ ಹೆಂಗಸರು. ಗೊಣಗಿದವಳೂ ಇದ್ದಳು.

ಕಾಲುದಾರಿ ಗುಡ್ಡ ಮುಟ್ಟುವ ಕಡೆ ಬೇಲಿ ಎದ್ದಿತ್ತು. ಬೆಳಗ್ಗೆ ಇರಲಿಲ್ಲ. ನಮ್ಮನ್ನು ಹರಿಹರಕ್ಕೆ ಕಳಿಸಿ, ಚಪ್ಪಾಳೆ ಹೊಡೆಸಿ, ಇಲ್ಲಿ ಕಂಬ ನೆಟ್ಟಿದ್ದರು. ಮೇಡಂ ಸೈ ಅನ್ನುವ ಮೊದಲೇ. ಸಿಮೆಂಟು ಇನ್ನೂ ಹಸಿ ಇತ್ತು. ಮುಳ್ಳುತಂತಿ ನಾಲ್ಕು ಸಾಲು. ಕಂಬಕ್ಕೆ ಹೊಸ ಬಣ್ಣದ ದೊಡ್ಡ ಬೋರ್ಡು, ತುಂಬ ಅಕ್ಷರ.

ಅತ್ತೆಗೆ ಓದಲು ಬರುವುದಿಲ್ಲ. ಎಲ್ಲಿ ಏನು ಬರೆದಿದ್ದರೂ ನಾನೇ ಓದಿ ಹೇಳುವುದು. ನಾನು ಬೋರ್ಡಿನ ಹತ್ತಿರ ಹೋಗಿ ಬಾಯಿ ತೆರೆದೆ.

"ಓದಬ್ಯಾಡ," ಅಂದಳು ಅತ್ತೆ. "ತಂತಿ ಎತ್ತು."